ಮನೆ ಕೊಳ್ಳುವಾಗ ಪೇಪರ್ಸ್ ಯಾರಿಗೆ ತೋರಿಸೋದು? ಪತ್ರ ಬರಹಗಾರರಿಂದ ಲಾ ಫರ್ಮ್‌ವರೆಗೆ

ಮನೆ ಇಷ್ಟವಾಯಿತು, ರೇಟೂ ಕುದುರಿತು. ಅಡ್ವಾನ್ಸ್ ಕೊಡುವ ಮೊದಲು "ಪೇಪರ್ಸ್ ಒಂದ್ಸಲ ಲಾಯರಿಗೆ ತೋರಿಸಿ" ಎಂದು ಎಲ್ಲರೂ ಹೇಳುತ್ತಾರೆ. ಯಾವ ಲಾಯರಿಗೆ ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಬ್ಯಾಂಕಿನವರು "ನಮ್ಮ ಲಾಯರ್ ನೋಡ್ತಾರೆ ಬಿಡಿ" ಎನ್ನುತ್ತಾರೆ. ಬ್ರೋಕರ್ ತನಗೆ ಗೊತ್ತಿರುವವರ ನಂಬರ್ ಕೊಡುತ್ತಾನೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರು ಕೂತ ಪತ್ರ ಬರಹಗಾರರು "ಲಾಯರ್ ಯಾಕೆ ಸಾರ್, ಎಲ್ಲಾ ನಾವೇ ಮಾಡಿಕೊಡ್ತೀವಿ" ಎನ್ನುತ್ತಾರೆ. ಮೊಬೈಲ್ ತೆಗೆದರೆ ಮೂರೇ ದಿನದಲ್ಲಿ ಲೀಗಲ್ ರಿಪೋರ್ಟ್ ಕೊಡುವವರ ಜಾಹೀರಾತು.

ಇವರಲ್ಲಿ ಯಾರೂ ಬೇಡದವರಲ್ಲ. ಆದರೆ ಒಬ್ಬೊಬ್ಬರು ಮಾಡುವ ಕೆಲಸ ಬೇರೆ, ಒಬ್ಬೊಬ್ಬರು ಕೆಲಸ ಮಾಡುವುದೂ ಬೇರೆ ಬೇರೆಯವರಿಗೆ. ಅದನ್ನು ಬಿಡಿಸಿ ನೋಡಿದರೆ ಆಯ್ಕೆ ಅರ್ಧ ಸುಲಭ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ರಿಜಿಸ್ಟರ್ ಆಯಿತು ಅಂದರೆ ಸರ್ಕಾರ ಒಪ್ಪಿಕೊಂಡಿತು ಎಂದು ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ದಾಖಲಿಸಿಕೊಳ್ಳುವುದು ಪತ್ರವನ್ನು. ಮಾರುವವನಿಗೆ ನಿಜಕ್ಕೂ ಮಾರುವ ಹಕ್ಕಿತ್ತೇ ಎಂಬುದಕ್ಕೆ ಅವರು ಜವಾಬ್ದಾರರಲ್ಲ. ಖಾತೆಯೂ ಅಷ್ಟೇ. ಅದು ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ಲೆಕ್ಕ, ಒಡೆತನದ ಪತ್ರವಲ್ಲ. ಹಕ್ಕು ಸರಿ ಇದೆಯೇ ಎಂದು ನೋಡಿಸಿಕೊಳ್ಳುವ ಹೊಣೆ ಪೂರ್ತಿ ಕೊಳ್ಳುವವರದ್ದು.

ಯಾವುದರಿಂದ ಅಳೆಯೋದು

ಮೊದಲನೆಯದು, ಇವರಿಗೆ ದುಡ್ಡು ಕೊಡುವವರು ಯಾರು? ಫೀಸು ಯಾರ ಕೈಯಿಂದ ಬರುತ್ತದೋ ಕಣ್ಣು ಆ ಕಡೆಗೆ. ಎರಡನೆಯದು, ಆ ತಾಲ್ಲೂಕಿನ ದಾಖಲೆ ಇವರಿಗೆ ಗೊತ್ತಾ? ಮೂರನೆಯದು, ಅಭಿಪ್ರಾಯವನ್ನು ಬರೆದು, ಹೆಸರು ಮತ್ತು ಬಾರ್ ಕೌನ್ಸಿಲ್ ಎನ್‌ರೋಲ್‌ಮೆಂಟ್ ನಂಬರ್ ಹಾಕಿ, ಸಹಿ ಮಾಡಿ ಕೊಡುತ್ತಾರಾ? ಬಾಯಲ್ಲಿ ಹೇಳುವ "ಕ್ಲಿಯರ್ ಇದೆ ಸಾರ್" ಲೆಕ್ಕಕ್ಕಿಲ್ಲ. ಇನ್ನು ಯಾವಾಗ ನೋಡುತ್ತಾರೆ ಎಂಬುದನ್ನು ಜನ ಯೋಚಿಸುವುದೇ ಇಲ್ಲ. ಅಡ್ವಾನ್ಸ್ ಕೊಟ್ಟ ಮೇಲೆ ನೋಡಿದರೆ ಅರ್ಧ ಪ್ರಯೋಜನ ಹೋಯಿತು.

ಫೀಸನ್ನು ನಾನು ಕೊನೆಗೆ ಇಡುತ್ತೇನೆ. ಕಾರಣ ಇದೆ. ಬೆಂಗಳೂರು, ಮೈಸೂರಿನಂಥ ನಗರದಲ್ಲಿ 60 ಲಕ್ಷದ ಮನೆ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ. 5, ಅಂದರೆ 3 ಲಕ್ಷ. ಅದರ ಮೇಲೆ ಸೆಸ್ ಮತ್ತು ಸರ್‌ಚಾರ್ಜ್ ಸೇರಿ 36 ಸಾವಿರ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ, ಅದು 1 ಲಕ್ಷ 20 ಸಾವಿರ. ಒಟ್ಟು 4 ಲಕ್ಷ 56 ಸಾವಿರ. ಬ್ರೋಕರ್ ಕಮಿಷನ್ ಬೇರೆ. ಇಷ್ಟೆಲ್ಲ ಕೊಡುವವರು ಕಾಗದ ಓದುವವರ ಹತ್ತಿರ ಬಂದಾಗ ಐದು ಸಾವಿರಕ್ಕೆ ಚೌಕಾಸಿ ಮಾಡುತ್ತಾರೆ!

ಒಂದು ಮನೆ, ಆರು ಜನ

ಸುಮ್ನೆ ಹೋಲಿಸುವುದಕ್ಕಿಂತ ಒಂದು ಮನೆಯನ್ನೇ ಎಲ್ಲರ ಮುಂದೆ ಇಟ್ಟು ನೋಡೋಣ. ಇದು ಕಲ್ಪನೆಯ ಮನೆ, ಆದರೆ ಇಂಥವು ಎಲ್ಲಾ ಊರಲ್ಲೂ ಇವೆ.

ಮೈಸೂರಿನ ಹೊರವಲಯದಲ್ಲಿ 30-40 ಸೈಟಿನ ಮೇಲೊಂದು ಮನೆ. 1989ರಲ್ಲಿ ಯಜಮಾನರು ತಮ್ಮ ಸಂಪಾದನೆಯಿಂದ ಕೊಂಡರು. 1996ರಲ್ಲಿ ವಿಲ್ ಬರೆಯದೆ ತೀರಿಕೊಂಡರು. ಹೆಂಡತಿ, ಇಬ್ಬರು ಗಂಡುಮಕ್ಕಳು, ಹಾಸನಕ್ಕೆ ಮದುವೆ ಮಾಡಿಕೊಟ್ಟ ಒಬ್ಬಳು ಮಗಳು. 1999ರಲ್ಲಿ ಖಾತೆ ಗಂಡುಮಕ್ಕಳ ಹೆಸರಿಗಾಯಿತು. ತಾಯಿಯೂ ತೀರಿಕೊಂಡ ಮೇಲೆ 2008ರಲ್ಲಿ ಅಣ್ಣತಮ್ಮ ಇಬ್ಬರೇ ಸಹಿ ಹಾಕಿ ಮಾರಿದರು. ಕೊಂಡವರು ಈಗ ನಿಮಗೆ ಮಾರುತ್ತಿದ್ದಾರೆ. ಖಾತೆ ಅವರ ಹೆಸರಲ್ಲಿದೆ, ಕಂದಾಯ ಕಟ್ಟಿದ್ದಾರೆ, ಇಸಿ (ಆಸ್ತಿಯ ಮೇಲೆ ರಿಜಿಸ್ಟರ್ ಆದ ಮಾರಾಟ, ಸಾಲಗಳ ಪಟ್ಟಿ) ಸ್ವಚ್ಛ.

ಮಗಳ ಸಹಿ ಎಲ್ಲಿದೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಅವಳಿಗೂ ಗಂಡುಮಕ್ಕಳಷ್ಟೇ ಪಾಲು. ಇದಕ್ಕೆ 2005ರ ತಿದ್ದುಪಡಿಯೇ ಬೇಕಿಲ್ಲ. ಅದು ಪಿತ್ರಾರ್ಜಿತದ ಮಾತು. ಈಗ ದಾವೆ ಹೂಡಿದರೆ ಆಕೆ ಗೆಲ್ಲುತ್ತಾಳೋ ಇಲ್ಲವೋ ಬೇರೆ ಪ್ರಶ್ನೆ. ದಾವೆ ಬಿದ್ದ ಮನೆಯನ್ನು ನೀವು ಮಾರಲು ಹೋದರೆ ಯಾರೂ ಮುಟ್ಟುವುದಿಲ್ಲ.

*ಪತ್ರ ಬರಹಗಾರರು.* ಇವರ ಕೈಗೆ ಈ ಫೈಲು ಕೊಟ್ಟರೆ ಸಂಜೆಯೊಳಗೆ ಕ್ರಯಪತ್ರದ ಡ್ರಾಫ್ಟ್ ಸಿದ್ಧ. ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ತಪ್ಪಿಲ್ಲದೆ ಬರೆಯುತ್ತಾರೆ. ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ಅಪ್‌ಲೋಡ್ ಮಾಡುವುದು, ಶುಲ್ಕ ಕಟ್ಟುವುದು, ಸ್ಲಾಟ್ ಹಿಡಿಯುವುದು ಇವರಿಗೆ ನೀರು ಕುಡಿದಂತೆ. ಆದರೆ ಮಗಳ ಬಗ್ಗೆ ಕೇಳುವುದು ಅವರ ಕೆಲಸವಲ್ಲ. ನೀವು ಕೊಟ್ಟದ್ದನ್ನು ಬರೆಯುವುದಷ್ಟೇ ಅವರ ಕೆಲಸ, ಅದಕ್ಕಷ್ಟೇ ದುಡ್ಡು. ಪರವಾನಗಿ ಇರುವ ಅನುಭವಿ ಬರಹಗಾರರು ಬೇಕೇ ಬೇಕು, ಆದರೆ ಓದಿಸಿ ಆದಮೇಲೆ. ಅಪ್ಪ ಮಗನಿಗೆ ದಾನಪತ್ರ ಮಾಡುವಂಥ ಕೆಲಸಕ್ಕೆ ಇವರೇ ಸಾಕು.

*ಬ್ಯಾಂಕಿನ ಪ್ಯಾನಲ್ ವಕೀಲರು.* ಇವರು ಮಗಳ ವಿಚಾರ ಹಿಡಿಯುವ ಸಾಧ್ಯತೆ ಸಾಕಷ್ಟಿದೆ. ಹೆಚ್ಚಿನ ಬ್ಯಾಂಕುಗಳು ಹಿಂದಿನ 30 ವರ್ಷದ ಹಕ್ಕಿನ ಸರಪಳಿ ಕೇಳುತ್ತವೆ, ವಂಶವೃಕ್ಷವನ್ನೂ ಕೇಳುತ್ತವೆ. ಹಾಗಿದ್ದರೆ ಇವರೇ ಸಾಕಲ್ವಾ? ಮೂರು ತೊಡಕು. ಫೀಸು ನಿಮ್ಮಿಂದ ವಸೂಲಾದರೂ ಅವರ ಕಕ್ಷಿದಾರ ಬ್ಯಾಂಕು, ಎಷ್ಟೋ ಕಡೆ ರಿಪೋರ್ಟಿನ ಪ್ರತಿಯನ್ನೂ ನಿಮಗೆ ಕೊಡುವುದಿಲ್ಲ. ಬ್ಯಾಂಕಿನ ಚಿಂತೆ ತನ್ನ ಸಾಲದ ಮೊತ್ತದ್ದು. 60 ಲಕ್ಷದಲ್ಲಿ 40 ಲಕ್ಷ ಸಾಲವಾದರೆ ನೀವು ಕೈಯಿಂದ ಹಾಕಿದ 20 ಲಕ್ಷ ಅವರ ತಲೆನೋವಲ್ಲ. ಮನೆ ಹೋದರೂ ಕಂತು ನಿಮ್ಮ ಹೆಸರಲ್ಲೇ ಇರುತ್ತದೆ. ಮೂರನೆಯದೇ ದೊಡ್ಡದು. ಲೋನ್ ಅರ್ಜಿಗೆ ಸೇಲ್ ಅಗ್ರಿಮೆಂಟ್ ಬೇಕು, ಅಗ್ರಿಮೆಂಟಿಗೆ ಅಡ್ವಾನ್ಸ್ ಬೇಕು. ಅಂದರೆ ಇವರು ಕಾಗದ ನೋಡುವ ಹೊತ್ತಿಗೆ ನಿಮ್ಮ ಐದಾರು ಲಕ್ಷ ಮಾರುವವರ ಕೈ ಸೇರಿರುತ್ತದೆ.

ಹಾಗಂತ ಇವರನ್ನು ತಳ್ಳಿಹಾಕಬೇಡಿ. ಒಂದು ರಾಷ್ಟ್ರೀಕೃತ ಬ್ಯಾಂಕು ಸಾಲ ಕೊಡಲು ಒಪ್ಪಿತು ಅನ್ನೋದು ಒಳ್ಳೆಯ ಎರಡನೇ ಸಾಕ್ಷಿ. ಮೊದಲನೇ ಸಾಕ್ಷಿ ಮಾತ್ರ ನಿಮ್ಮದಾಗಿರಲಿ.

*ಬ್ರೋಕರ್ ಅಥವಾ ಬಿಲ್ಡರ್ ತೋರಿಸಿದವರು.* ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ವ್ಯವಹಾರ ಮುರಿದರೆ ಅವರನ್ನು ಕರೆತಂದವನಿಗೆ ಕಮಿಷನ್ ಇಲ್ಲ. ನಮ್ಮ ಮೈಸೂರಿನ ಮನೆಯ ಮಗಳು ಇವರ ಕಣ್ಣಿಗೆ ಬಿದ್ದರೂ "ಅದೆಲ್ಲಾ ಹಳೇದು, ಏನೂ ಆಗಲ್ಲ" ಎಂಬ ಮಾತು ಬರಬಹುದು. ಎಷ್ಟೇ ಒಳ್ಳೆಯವರಾದರೂ ಇವರು ಬೇಡ.

*ಆನ್‌ಲೈನ್ ಸೇವೆ.* ಕಡಿಮೆ ಖರ್ಚು, ಬೇಗ ಕೆಲಸ. ಇಸಿ, ಇ-ಖಾತೆ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಪುಟ, ಕೋರ್ಟ್ ಕೇಸುಗಳ ಹುಡುಕಾಟ, ಎಲ್ಲಾ ಒಂದೇ ಕಡೆ ಜೋಡಿಸಿ ಕೊಡುತ್ತಾರೆ. ಸಮಸ್ಯೆ ಏನೆಂದರೆ ಆನ್‌ಲೈನ್‌ನಲ್ಲಿ ಇರುವುದಷ್ಟೇ ಅವರಿಗೆ ಕಾಣುತ್ತದೆ. ಕಾವೇರಿಯಲ್ಲಿ ಇಸಿ ಸಿಗುವುದು 2004ರ ಏಪ್ರಿಲ್‌ನಿಂದ ಈಚಿನದು. ನಮ್ಮ ಮನೆಯ ಕಥೆಯಲ್ಲಿ 2008ರ ಮಾರಾಟ ಬಿಟ್ಟರೆ ಮುಖ್ಯವಾದದ್ದೆಲ್ಲ ನಡೆದದ್ದು ಅದಕ್ಕಿಂತ ಮೊದಲು. ಅದರ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ, ಹಳೆಯ ಪುಸ್ತಕ ತೆಗೆಸಬೇಕು. ಇನ್ನು ಸಾವು, ಬಾಯಿಮಾತಿನ ಪಾಲುಪಟ್ಟಿ, ರಿಜಿಸ್ಟರ್ ಆಗದ ವಿಲ್ಲು, ಇವು ಯಾವ ಇಸಿಯಲ್ಲೂ ಬರುವುದಿಲ್ಲ. ರಿಪೋರ್ಟಿನ ಕೊನೆಯಲ್ಲಿ ಸಹಿ ಮಾಡಿದ ವಕೀಲರ ಹೆಸರಿದೆಯಾ ಅಥವಾ ಕಂಪನಿಯ ಲೋಗೋ ಮಾತ್ರ ಇದೆಯಾ ಅನ್ನೋದನ್ನೂ ನೋಡಿ. ನಾಲ್ಕೈದು ಮನೆ ನೋಡಿಟ್ಟು ಯಾವುದನ್ನು ಕೈಬಿಡುವುದು ಎಂದು ತೀರ್ಮಾನಿಸುವ ಹಂತಕ್ಕೆ ಇದು ಚೆನ್ನಾಗಿದೆ. ಕೊನೆಯ ತೀರ್ಮಾನಕ್ಕೆ ಸಾಲದು.

*ದೊಡ್ಡ ಲಾ ಫರ್ಮ್.* ಇವರು ಮಗಳನ್ನು ಖಂಡಿತ ಹಿಡಿಯುತ್ತಾರೆ. ಜೊತೆಗೆ ಇನ್ನೂ ಇಪ್ಪತ್ತು ಅಂಶ ಹಿಡಿದು ಮೂವತ್ತು ಪುಟದ ಇಂಗ್ಲಿಷ್ ರಿಪೋರ್ಟ್ ಕೊಡುತ್ತಾರೆ. ಪ್ರತಿ ಅಂಶಕ್ಕೂ "ಇದಕ್ಕೆ ಒಳಪಟ್ಟು", "ಅದಕ್ಕೆ ಒಳಪಟ್ಟು". ಕೊಳ್ಳಬೇಕೋ ಬೇಡವೋ ಎಂದು ಕೇಳಿದರೆ ಸುಲಭಕ್ಕೆ ಉತ್ತರ ಬರುವುದಿಲ್ಲ. ಜಂಟಿ ಅಭಿವೃದ್ಧಿ ಒಪ್ಪಂದ, ವಾಣಿಜ್ಯ ಕಟ್ಟಡ, ಕೋಟಿಗಳ ವಿಲ್ಲಾ ಆದರೆ ಇವರ ಫೀಸಿಗೆ ಅರ್ಥವಿದೆ. 30-40 ಸೈಟಿಗೆ ದುಬಾರಿ. ನಿಮ್ಮ ಫೈಲು ಓದುವುದು ಹೆಚ್ಚಾಗಿ ಜೂನಿಯರ್ ಆಗಿರುತ್ತಾರೆ ಎಂಬುದೂ ನೆನಪಿರಲಿ.

*ಊರಿನ ಸಿವಿಲ್ ವಕೀಲರು.* ತಾಲ್ಲೂಕು ಕೋರ್ಟಿನಲ್ಲಿ ಪಾಲು ವಿಭಾಗದ ಕೇಸು ನಡೆಸಿ ನಡೆಸಿ ಪಳಗಿದವರು. ಇಂಥವರು ನಮ್ಮ ಫೈಲು ತೆಗೆದರೆ ಮೊದಲ ಪ್ರಶ್ನೆಯೇ "ಎಷ್ಟು ಜನ ಮಕ್ಕಳು? ಹೆಣ್ಣುಮಕ್ಕಳು ಎಲ್ಲಿ?" ಎಂದಿರುತ್ತದೆ. ಯಾಕೆಂದರೆ ಅವರ ಕಪಾಟಿನಲ್ಲಿರುವ ದಾವೆಗಳಲ್ಲಿ ಇಂಥವೇ ಬೇಕಾದಷ್ಟು. ಪರಿಹಾರವನ್ನೂ ಅವರೇ ಹೇಳುತ್ತಾರೆ: ಆ ಮಗಳಿಂದ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಮಾಡಿಸಿಕೊಂಡು ಬರಲಿ, ಇಲ್ಲವೇ ನಿಮ್ಮ ಕ್ರಯಪತ್ರಕ್ಕೆ ಆಕೆಯೂ ಒಪ್ಪಿ ಸಹಿ ಹಾಕಲಿ, ಆಮೇಲೆ ಮುಂದಿನ ಮಾತು. ಬೆಂಗಳೂರಿನಲ್ಲಿ ಲಿಖಿತ ಅಭಿಪ್ರಾಯಕ್ಕೆ 10ರಿಂದ 25 ಸಾವಿರ ಕೇಳುವುದು ಸಾಮಾನ್ಯ. ತಾಲ್ಲೂಕು ಊರುಗಳಲ್ಲಿ ಅದರ ಅರ್ಧಕ್ಕೂ ಆಗುತ್ತದೆ.

ಇವರ ಕೊರತೆಯನ್ನೂ ಹೇಳಬೇಕು. ದಿನವಿಡೀ ಕೋರ್ಟು, ಫೋನ್ ಎತ್ತುವುದಿಲ್ಲ. ಕೆಲವರಿಗೆ ಬರೆದುಕೊಡುವ ಅಭ್ಯಾಸವೇ ಇಲ್ಲ, ಎಲ್ಲಾ ಬಾಯಲ್ಲೇ. ಚಿಕ್ಕ ಊರಾದರೆ ಮಾರುವವರಿಗೂ ಅವರೇ ವಕೀಲರಾಗಿರುವ ಸಾಧ್ಯತೆ ಇದೆ. ಇದನ್ನು ಸಂಕೋಚ ಬಿಟ್ಟು ನೇರವಾಗಿ ಕೇಳಿ.

ಊರಿನವರೇ ಯಾಕೆ

2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಾದರೂ ರಿಜಿಸ್ಟರ್ ಮಾಡಿಸಬಹುದು. ಹಾಗಾಗಿ ಊರಿನ ಲಾಯರ್ ಬೇಕಿಲ್ಲ ಅನ್ನಿಸಬಹುದು. ರಿಜಿಸ್ಟರ್ ಮಾಡಿಸಲು ಬೇಕಿಲ್ಲ, ಸರಿ. ಓದಲು ಬೇಕು. ಯಾಕೆಂದರೆ ಕರ್ನಾಟಕದ ಭೂದಾಖಲೆ ಒಂದೇ ಥರ ಇಲ್ಲ. ನಾಲ್ಕೈದು ಆಡಳಿತಗಳು ಬಿಟ್ಟುಹೋದ ಪದ್ಧತಿಗಳು ಇವತ್ತಿಗೂ ಪಹಣಿಯೊಳಗೆ ಕೂತಿವೆ.

ಮಂಗಳೂರು, ಉಡುಪಿ ಕಡೆ "ಈ ತೋಟದ ಜೊತೆ ಒಂದೆಕರೆ ಕುಮ್ಕಿಯೂ ಬರುತ್ತೆ" ಎನ್ನುತ್ತಾರೆ. ಬೆಂಗಳೂರಿನ ಲಾಯರಿಗೆ ಅದು ಲಾಭದಂತೆ ಕಾಣಬಹುದು. ಅಲ್ಲಿನವರಿಗೆ ಗೊತ್ತು: ಕುಮ್ಕಿ ಸರ್ಕಾರಿ ಜಾಗ, ಪಕ್ಕದ ವರ್ಗ (ಪಟ್ಟಾ) ಜಮೀನಿನವರಿಗೆ ಸೊಪ್ಪು ಸೌದೆಯಂಥ ಸವಲತ್ತು ಮಾತ್ರ, ಮಾರುವ ಹಕ್ಕಿಲ್ಲ. ಪೇಟೆಯೊಳಗೆ ಮೂಲಗೇಣಿಯ (ಶಾಶ್ವತ ಗೇಣಿಯ) ಜಾಗಗಳೂ ಇವೆ. ಮನೆ ಒಬ್ಬರದು, ನೆಲದ ಮೂಲ ಹಕ್ಕು ಇನ್ನೊಬ್ಬರದು.

ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಪಹಣಿಯಲ್ಲಿ ಯಾವುದೋ ತಲೆಮಾರಿನ ಪಟ್ಟೇದಾರರ ಹೆಸರು ಇರುತ್ತದೆ, ಹಕ್ಕು ಇಡೀ ಒಕ್ಕದವರದ್ದು, ಅಂದರೆ ಮನೆತನದವರದ್ದು. ಬೆಳಗಾವಿ, ಧಾರವಾಡದ ಕಡೆ ಸಿಟಿ ಸರ್ವೆ ಉತಾರ (ಪೇಟೆ ಆಸ್ತಿಯ ದಾಖಲೆ) ನೋಡಬೇಕು. ಹಳೆಯ ಕಾಗದ ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ಓದುವವರನ್ನು ಹುಡುಕಬೇಕು. ಬೀದರ್, ಕಲಬುರಗಿಯಲ್ಲಿ ನಿಜಾಮರ ಕಾಲದ್ದು ಉರ್ದುವಿನಲ್ಲಿ ಇರುತ್ತದೆ.

ಹಳೇ ಮೈಸೂರಿನ ಕಡೆ ಭಯ ಬೇರೆ. ಊರ ಸೇವಕರಾದ ತೋಟಿ, ತಳವಾರ, ನೀರಗಂಟಿಗಳಿಗೆ ಬಿಟ್ಟಿದ್ದ ಇನಾಮು ಜಮೀನು, ದರಖಾಸ್ತಿನಲ್ಲಿ (ಅರ್ಜಿ ಹಾಕಿ ಸರ್ಕಾರದಿಂದ) ಮಂಜೂರಾದ ಜಮೀನು ಈಗ ಲೇಔಟ್ ಆಗಿರುತ್ತವೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಆ ಮಾರಾಟಕ್ಕೆ ಬೆಲೆಯಿಲ್ಲ. ಎಷ್ಟು ವರ್ಷದ ನಂತರವಾದರೂ ವಾಪಸ್ ಕೇಳಬಹುದು ಎಂದು 2023ರಲ್ಲಿ ತಿದ್ದುಪಡಿಯೂ ಬಂತು. ನಡುವೆ ಐದು ಕೈ ಬದಲಾಗಿ, ಮನೆ ಎದ್ದು, ಖಾತೆ ಆಗಿದ್ದರೂ ಬೇರಿನಲ್ಲಿ ಹುಳುಕಿದ್ದರೆ ಇದ್ದೇ ಇರುತ್ತದೆ. ಇದು ಗೊತ್ತಾಗುವುದು ಪಹಣಿಯ 11ನೇ ಕಾಲಂ (ಇತರ ಹಕ್ಕು, ಋಣ), ಮ್ಯುಟೇಶನ್, ಮಂಜೂರಾತಿ ಕಡತ ನೋಡಿದಾಗ. ಅದಕ್ಕೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ದಾರಿ ಗೊತ್ತಿರುವವರೇ ಬೇಕು.

ನಿಮ್ಮದು ಯಾವ ಥರದ ಖರೀದಿ?

ಕಟ್ಟುತ್ತಿರುವ ಅಪಾರ್ಟ್‌ಮೆಂಟಿನಲ್ಲಿ ಫ್ಲ್ಯಾಟ್ ಆದರೆ ರೇರಾ ವೆಬ್‌ಸೈಟಿನಲ್ಲಿ ಅರ್ಧ ದಾಖಲೆ ಸಿಗುತ್ತದೆ. ಅಗ್ರಿಮೆಂಟ್ ರಿಜಿಸ್ಟರ್ ಮಾಡದೆ ಬಿಲ್ಡರ್ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇಲ್ಲಿ ಹಳೆಯ ಪುಸ್ತಕ ಕೆದಕುವುದಕ್ಕಿಂತ ಅಗ್ರಿಮೆಂಟನ್ನು ಸಾಲು ಸಾಲಾಗಿ ಓದುವವರು ಮುಖ್ಯ: ತಡವಾದರೆ ಏನು, ನೆಲದಲ್ಲಿ ನಿಮ್ಮ ಪಾಲು ಎಷ್ಟು, ಜಮೀನಿನ ಮಾಲೀಕರೂ ಸಹಿ ಹಾಕುತ್ತಾರಾ, ಓಸಿ (ಕಟ್ಟಡದಲ್ಲಿ ವಾಸಕ್ಕೆ ಕೊಡುವ ಪ್ರಮಾಣಪತ್ರ) ಯಾವಾಗ. ಓಸಿ ತೋರಿಸದೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇದು ಇನ್ನೂ ಮುಖ್ಯ. ರೇರಾ ಕೇಸು ನಡೆಸಿದ ವಕೀಲರು ಸಿಕ್ಕರೆ ಒಳ್ಳೆಯದು. ಬ್ಯಾಂಕ್ ಅಪ್ರೂವ್ಡ್ ಪ್ರಾಜೆಕ್ಟ್ ಆಗಿ, ಬಜೆಟ್ ಬಿಗಿ ಇದ್ದರೆ ಅಗ್ರಿಮೆಂಟ್ ಓದಿಸುವುದಕ್ಕಷ್ಟೇ ಲಾಯರ್ ಹಿಡಿದರೂ ನಡೆಯುತ್ತದೆ.

ರೆವಿನ್ಯೂ ಸೈಟು (ಕೃಷಿ ಜಮೀನನ್ನು ಪರಿವರ್ತಿಸದೆ ಮಾಡಿದ ಸೈಟು), ಹಳೇ ಮನೆ, ಕುಟುಂಬದ ಆಸ್ತಿ, ಊರ ಕಡೆಯ ತೋಟ, ಇವುಗಳಲ್ಲಿ ಉಳಿತಾಯ ಮಾಡಬೇಡಿ. ಊರಿನ ಸಿವಿಲ್ ವಕೀಲರೇ ಬೇಕು. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರುತ್ತೇನೆ ಅನ್ನುವವರಿದ್ದರಂತೂ ಇನ್ನೂ ಎಚ್ಚರ. ಕ್ರಯಪತ್ರವಿಲ್ಲದೆ ಬರೀ ಜಿಪಿಎಯಿಂದ ಒಡೆತನ ಬರುವುದಿಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ವಿದೇಶದಲ್ಲಿ ಇದ್ದುಕೊಂಡು ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ನಿಮ್ಮ ಪವರ್ ಆಫ್ ಅಟಾರ್ನಿ ಇರುವವರೂ ಕಾಗದ ಓದುವ ವಕೀಲರೂ ಒಬ್ಬರೇ ಆಗಬಾರದು. ಸಹಿ ಹಾಕುವುದು ತಮ್ಮನೋ ಭಾವನೋ ಆಗಿರಲಿ, ರಿಪೋರ್ಟ್ ವಕೀಲರಿಂದ ನೇರ ನಿಮ್ಮ ಇಮೇಲಿಗೆ ಬರಲಿ. ಮಾರುವವರು ಅನಿವಾಸಿಗಳಾದರೆ ಸಾಮಾನ್ಯ ಶೇ. 1 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಲೆಕ್ಕ ನಡೆಯುವುದಿಲ್ಲ, ಅದಕ್ಕೆ ಆಡಿಟರ್ ಬೇಕು.

ಫೋನಿನಲ್ಲೇ ಕೇಳಬೇಕಾದದ್ದು

ವಕೀಲರು ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ. ಹಾಗಾಗಿ "ನಗರದ ಟಾಪ್ 10 ಪ್ರಾಪರ್ಟಿ ಲಾಯರ್ಸ್" ಪಟ್ಟಿಗಳನ್ನು ಬದಿಗಿಡಿ. ಅದೇ ಬಡಾವಣೆಯಲ್ಲಿ ಮನೆ ಕೊಂಡವರನ್ನು ಕೇಳಿ. ಇಬ್ಬರು ಮೂವರ ಹೆಸರು ಸಿಕ್ಕ ಮೇಲೆ ಫೋನ್ ಮಾಡಿ.

"ಸಾರ್, ರಿಪೋರ್ಟ್ ಬರೆದು ಕೊಡ್ತೀರಾ? ಎಷ್ಟು ವರ್ಷದ್ದು ನೋಡ್ತೀರಾ? ಹಳೇ ಇಸಿ ನೀವೇ ತೆಗೆಸ್ತೀರಾ, ನಾನು ತರಬೇಕಾ? ಕೋರ್ಟ್ ಕೇಸ್ ಹುಡುಕಾಟ ಸೇರಿದೆಯಾ? ಒರಿಜಿನಲ್ ನೋಡ್ತೀರಾ?" ಜೆರಾಕ್ಸ್ ಸಾಕು ಅನ್ನುವವರನ್ನು ನಾನು ಅಲ್ಲಿಗೇ ಬಿಡುತ್ತೇನೆ. ಒರಿಜಿನಲ್ ಎಲ್ಲೋ ಅಡವಿಟ್ಟು, ಜೆರಾಕ್ಸ್ ತೋರಿಸಿ ಮಾರುವವರಿದ್ದಾರೆ. "ಕಳಿಸಿ, ಸಂಜೆಯೊಳಗೆ ಹೇಳ್ತೀನಿ" ಅನ್ನುವವರಿಗಿಂತ "ಇನ್ನೂ ಈ ನಾಲ್ಕು ಕಾಗದ ಬೇಕು" ಎಂದು ಪಟ್ಟಿ ಕಳಿಸುವವರು ವಾಸಿ. ಎನ್‌ರೋಲ್‌ಮೆಂಟ್ ನಂಬರ್ ಕೇಳಲು ಹಿಂಜರಿಯಬೇಡಿ. ಕೆಎಆರ್, ಒಂದು ಸಂಖ್ಯೆ, ಒಂದು ಇಸವಿ, ಹೀಗಿರುತ್ತದೆ.

ಫೀಸನ್ನು ಎರಡು ಭಾಗ ಮಾಡಿಸಿಕೊಳ್ಳಿ. ಓದಿ ರಿಪೋರ್ಟ್ ಕೊಡಲು ಒಂದು, ಅಗ್ರಿಮೆಂಟ್ ಮತ್ತು ಕ್ರಯಪತ್ರದ ಡ್ರಾಫ್ಟಿಗೆ ಇನ್ನೊಂದು. ರಿಪೋರ್ಟ್ ನೋಡಿ ನೀವು ಮನೆ ಬೇಡವೆಂದರೂ ಮೊದಲ ಭಾಗ ಅವರಿಗೆ ಸಲ್ಲಬೇಕು. ವ್ಯವಹಾರ ಆದರೆ ಮಾತ್ರ ದುಡ್ಡು ಎಂಬ ಒಪ್ಪಂದದಲ್ಲಿ ಬ್ರೋಕರ್ ವಕೀಲರ ದೋಷವೇ ಬರುತ್ತದೆ.

ಮಾರುವವರು "ಇವತ್ತೇ ಟೋಕನ್ ಕೊಡಿ, ಬೇರೆ ಪಾರ್ಟಿ ಕಾಯ್ತಿದ್ದಾರೆ" ಎಂದು ಅವಸರ ಮಾಡಿದರೆ ಸಣ್ಣ ಮೊತ್ತ ಕೊಡಿ, ಅದೂ ಚೆಕ್ಕಿನಲ್ಲಿ. ವಕೀಲರ ಅಭಿಪ್ರಾಯ ಸರಿಬಾರದಿದ್ದರೆ ಇಷ್ಟು ದಿನದೊಳಗೆ ವಾಪಸ್ ಎಂದು ಬರೆಸಿಕೊಳ್ಳಿ. ಇದಕ್ಕೆ ಒಪ್ಪದವರ ಕಾಗದದಲ್ಲಿ ಏನಿದೆ ಎಂದು ನೋಡುವ ಖರ್ಚೂ ಉಳಿಯಿತು. ಒಪ್ಪಿದರೆ ವಕೀಲರು ಓದಿ, ಅಗ್ರಿಮೆಂಟ್ ಆಗಿ, ಲೋನ್ ಬಂದು, ಸ್ಲಾಟ್ ಸಿಗುವ ಹೊತ್ತಿಗೆ ಎರಡು ತಿಂಗಳು ಕಳೆದಿರುತ್ತದೆ. ಆ ಎರಡು ತಿಂಗಳಲ್ಲಿ ಏನಾದರೂ ಹೊಸದಾಗಿ ರಿಜಿಸ್ಟರ್ ಆಯಿತಾ ಎಂದು ನೋಡಲು, ರಿಜಿಸ್ಟ್ರೇಷನ್‌ಗೆ ಮುಂಚೆ ಇನ್ನೊಂದು ಇಸಿ ತೆಗೆಸುವ ಕೆಲಸವನ್ನೂ ಅದೇ ಫೀಸಿನಲ್ಲಿ ಸೇರಿಸಿ ಮಾತಾಡಿಕೊಳ್ಳಿ.